ದೋಣಿ, ತೆಪ್ಪಕ್ಕೆ ವಿಮೆ: ಬೆಲೆ ಕಟ್ಟಿಸೋದು ಮುಳುಗಿದ ಮೇಲಲ್ಲ, ದಡದಲ್ಲಿದ್ದಾಗಲೇ

ಅರಸೀಕೆರೆ: ಅರಸೀಕೆರೆ ಭಾಗದವರಿಗೆ ವಿಮೆ ಅಂದ್ರೆ ಟ್ರ್ಯಾಕ್ಟರ್, ಬೈಕು, ಬೆಳೆ ನೆನಪಾಗುತ್ತೆ. ದೋಣಿ ಯಾರಿಗೂ ನೆನಪಾಗಲ್ಲ. ಆದರೆ ಇದೇ ಹರಪನಹಳ್ಳಿ ತಾಲ್ಲೂಕಿನ ಹಲವಾಗಲು, ಗರ್ಭಗುಡಿ ಕಡೆ ಹೋದರೆ ತುಂಗಭದ್ರೆ. ಹಡಗಲಿ ತಾಲ್ಲೂಕಿನ ಕುರುವತ್ತಿ, ಮೈಲಾರ, ಮದಲಗಟ್ಟಿಯವರ ಮನೆ ಬಾಗಿಲಲ್ಲೇ ಹೊಳೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಮಗ್ಗುಲಿಗೆ ಜಲಾಶಯದ ಹಿನ್ನೀರು. ಇನ್ನು ಕೆರೆ ತುಂಬಿದ ವರ್ಷ ಮೀನು ಗುತ್ತಿಗೆ ಹಿಡಿದವರು ಒಳನಾಡಿನ ಊರುಗಳಲ್ಲೂ ತೆಪ್ಪ ಇಳಿಸ್ತಾರೆ. ಇಷ್ಟು ಜನರ ಅನ್ನ ನೀರಿನ ಮೇಲೆ ತೇಲುವ ಒಂದು ವಸ್ತುವಿನ ಮೇಲೆ ನಿಂತಿದೆ. ಆ ವಸ್ತುವಿನ ಬೆಲೆ ಎಷ್ಟು ಅಂತ ಕಾಗದದ ಮೇಲೆ ಬರೆಸಿಟ್ಟವರು ಮಾತ್ರ ಕಡಿಮೆ.

ಹೊಳೆ ಯಾವಾಗ ಏನು ಮಾಡುತ್ತೆ ಅಂತ ಹೇಳೋಕಾಗಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟುಗಳ ಅಣೆಕಟ್ಟೆಯಲ್ಲಿ ಒಂದು ಹೋಗಿದ್ದಕ್ಕೆ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಕೆಳಗಿನ ದಡದವರಿಗೆ ಎಚ್ಚರಿಕೆ ಕೊಟ್ಟರು. ಅಂಥ ರಾತ್ರಿ ದಡದಲ್ಲಿ ಕಟ್ಟಿದ ತೆಪ್ಪ ಬೆಳಗಾಗೋದರೊಳಗೆ ಎಲ್ಲಿರುತ್ತೋ. ಗೇಟು ಮುರಿಯೋದೇ ಬೇಕಿಲ್ಲ, ಮುಂಗಾರಿನಲ್ಲಿ ಮಲೆನಾಡಿನ ನೀರು ಒಮ್ಮೆಲೇ ಬಂದರೂ ಅದೇ ಕತೆ.

ಟ್ರ್ಯಾಕ್ಟರಿಗೆ ಪಟ್ಟಿ ಇದೆ, ದೋಣಿಗೆ ಇಲ್ಲ

ವಾಹನದ ವಿಮೆಯಲ್ಲಿ ಬೆಲೆ ಕಟ್ಟೋದು ದೊಡ್ಡ ತಲೆನೋವಲ್ಲ. ಎಷ್ಟು ಹಳೇದಾದರೆ ಎಷ್ಟು ಕಳೀಬೇಕು ಅನ್ನೋ ಪಟ್ಟಿಯೇ ಇದೆ. ಆರು ತಿಂಗಳೊಳಗಿನದಕ್ಕೆ ಶೇ 5, ವರ್ಷದೊಳಗಿನದಕ್ಕೆ ಶೇ 15, ಎರಡು ವರ್ಷದೊಳಗೆ ಶೇ 20, ಹೀಗೆ ಏರುತ್ತಾ ಐದನೇ ವರ್ಷಕ್ಕೆ ಶೇ 50. ಐದು ವರ್ಷ ದಾಟಿದರೆ ಕಂಪನಿಯವರೂ ಮಾಲೀಕರೂ ಕೂತು ಒಪ್ಪಿಕೊಂಡ ಬೆಲೆ. ಎಮ್ಮೆಗೂ ಒಂದು ಕ್ರಮ ಇದೆ: ಪಶುವೈದ್ಯರು ಬಂದು ವಯಸ್ಸು, ಹಾಲು, ಆರೋಗ್ಯ ನೋಡಿ ಬೆಲೆ ಬರೀತಾರೆ, ಕಿವಿಗೆ ಟ್ಯಾಗ್ ಹಾಕ್ತಾರೆ.

ದೋಣಿಗೆ ಇಂಥ ಸಿದ್ಧ ಪಟ್ಟಿ ಇಲ್ಲ. ಒಂದೇ ವರ್ಷ ಕಟ್ಟಿಸಿದ ಎರಡು ಫೈಬರ್ ದೋಣಿಗಳಲ್ಲಿ ಒಂದು ಗಟ್ಟಿ ಇರುತ್ತೆ, ಇನ್ನೊಂದು ಬಂಡೆಗೆ ಬಡಿದು ತೇಪೆ ಹಾಕಿಸಿಕೊಂಡಿರುತ್ತೆ. ಅದಕ್ಕೇ ತಿಳಿದವರೊಬ್ಬರು ಕಣ್ಣಾರೆ ನೋಡಿ, ಮುಟ್ಟಿ, ಬಡಿದು, ವರದಿ ಬರೆದು ಸಹಿ ಹಾಕಬೇಕು. ವಿಮೆ ಭಾಷೆಯಲ್ಲಿ ಇದು ಸ್ಥಿತಿ ಮತ್ತು ಮೌಲ್ಯದ ಸರ್ವೇ. ಆ ವರದಿಯಲ್ಲಿನ ಅಂಕಿಯೇ ಮುಂದೆ ಪಾಲಿಸಿಯಲ್ಲಿ ಕೂರುತ್ತೆ.

1963ರ ನಮ್ಮ ಸಾಗರ ವಿಮಾ ಕಾಯ್ದೆಯಲ್ಲಿ ‘ಮೌಲ್ಯ ನಿಗದಿಯಾದ ಪಾಲಿಸಿ’ ಅಂತ ಒಂದು ಬಗೆ ಇದೆ. ವಿಮೆ ಮಾಡಿಸುವಾಗಲೇ ಎರಡೂ ಕಡೆಯವರು ದೋಣಿಯ ಬೆಲೆ ಇಷ್ಟು ಅಂತ ಒಪ್ಪಿ ಬರೆದರೆ, ಮೋಸ ಇಲ್ಲದ ಹೊರತು, ಆಮೇಲೆ ‘ಇದು ಅಷ್ಟು ಬಾಳ್ತಿರಲಿಲ್ಲ’ ಅಂತ ತಕರಾರು ತೆಗೆಯೋ ಹಾಗಿಲ್ಲ. ಬೆಲೆ ಒಪ್ಪದ ಪಾಲಿಸಿ ಆದರೆ, ದೋಣಿ ನೀರಿನ ತಳದಲ್ಲಿರುವಾಗ ಅದರ ಬೆಲೆ ಸಾಬೀತು ಮಾಡೋ ಹೊರೆ ಮಾಲೀಕರ ತಲೆ ಮೇಲೆ ಬೀಳುತ್ತೆ. ಒಳನಾಡಿನ ದೋಣಿಗೆ ಯಾವ ಬಗೆಯ ಪಾಲಿಸಿ ಕೊಡ್ತಾರೆ ಅನ್ನೋದು ಕಂಪನಿಗೆ ಬಿಟ್ಟಿದ್ದು. ಹಾಗಾಗಿ ಏಜೆಂಟರ ಹತ್ತಿರ ಮೊದಲು ಕೇಳಬೇಕಾದ್ದು ಪ್ರೀಮಿಯಂ ಎಷ್ಟು ಅಂತಲ್ಲ, ‘ಬೆಲೆ ಒಪ್ಪಿ ಬರೀತೀರಾ, ಇಲ್ವಾ?’ ಅಂತ.

ಸರ್ವೇ ಅಂದ್ರೆ ಮೂರು ಬೇರೆ ಬೇರೆ ಕೆಲಸ

‘ಸರ್ವೇಯರ್ ಬಂದಿದ್ರು’ ಅಂತ ಹೇಳೋರು ಯಾವ ಸರ್ವೇಯರ್ ಅಂತ ಗಮನಿಸಿರಲ್ಲ. ಜನ, ಸರಕು ಸಾಗಿಸುವ ಎಂಜಿನ್ ದೋಣಿ ಓಡಲು ಯೋಗ್ಯ ಅಂತ ಪ್ರಮಾಣಪತ್ರ ಕೊಡೋದು ಸರ್ಕಾರದ ಸರ್ವೇ. 1917ರ ಹಳೇ ಕಾಯ್ದೆ ತೆಗೆದು ಬಂದ ಒಳನಾಡು ಹಡಗುಗಳ ಕಾಯ್ದೆ, 2021ರಲ್ಲಿ ಇಂಥ ದೋಣಿಗೆ ಸರ್ವೇ, ನೋಂದಣಿ, ವಿಮೆ ಮೂರೂ ಬೇಕು ಅಂತ ಇದೆ. ಪ್ರವಾಸಿಗರನ್ನು ಕೂರಿಸಿಕೊಂಡು ಹೋಗೋ ಮೋಟಾರ್ ಬೋಟ್ ಇಡೋ ಆಸೆ ಇರೋರು ಇದನ್ನು ಮರೆಯಬಾರದು. ಮೀನುಗಾರಿಕೆ ದೋಣಿಗಳ ದಾರಿ ಬೇರೆ. ಜಲಾಶಯದಲ್ಲಿ ಮೀನು ಹಿಡಿಯೋಕೆ ಪರವಾನಗಿ ಬೇಕು. ತುಂಗಭದ್ರಾ ಮಂಡಳಿಗೆ ಅದರದ್ದೇ ಮೀನುಗಾರಿಕೆ ವಿಭಾಗ ಇದೆ. ಊರಿನ ಕೆರೆಗಾದರೆ ಗುತ್ತಿಗೆ ಕೊಟ್ಟ ಇಲಾಖೆ ಅಥವಾ ಪಂಚಾಯಿತಿಯ ಕಾಗದ.

ಎರಡನೇದು, ವಿಮೆ ಮಾಡಿಸೋಕೆ ಮುಂಚೆ ಮಾಡೋ ಸ್ಥಿತಿ–ಮೌಲ್ಯದ ಸರ್ವೇ. ಇದರ ಖರ್ಚು ಸಾಮಾನ್ಯವಾಗಿ ಮಾಲೀಕರದ್ದೇ. ಮೂರನೇದು ಅವಘಡ ಆದ ಮೇಲಿನದು. ಆಗ ಬರುವ ಸರ್ವೇಯರನ್ನು ಕಂಪನಿಯೇ ಕಳಿಸುತ್ತೆ, ಅವರ ಫೀಸೂ ಕಂಪನಿಯದ್ದೇ. ನಷ್ಟ ನೋಡಲು ಬಂದವರು ಮಾಲೀಕರ ಹತ್ತಿರ ದುಡ್ಡು ಕೇಳಿದರೆ ಅದು ಫೀಸಲ್ಲ.

ವಿಮಾ ಸರ್ವೇಯರ್‌ಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ಲೈಸೆನ್ಸ್ ಕೊಡುತ್ತೆ. ಆದರೆ ಲೈಸೆನ್ಸ್ ಇದ್ದವರೆಲ್ಲ ಎಲ್ಲವನ್ನೂ ನೋಡೋಕೆ ಬರಲ್ಲ. ಬೆಂಕಿ, ಮೋಟಾರು, ಎಂಜಿನಿಯರಿಂಗ್, ಸಾಗರ ಸರಕು, ಹಡಗಿನ ಒಡಲು ಹೀಗೆ ವಿಭಾಗಗಳಿವೆ. ದೋಣಿ ನೋಡೋರ ಲೈಸೆನ್ಸಿನಲ್ಲಿ ‘ಮರೈನ್ ಹಲ್’ ಇರಬೇಕು. ಈ ವಿಭಾಗದವರು ಬಂದರು ಇರೋ ಮಂಗಳೂರು, ಮಲ್ಪೆ ಕಡೆ ಸಿಗೋದು ಸಹಜ. ನಮ್ಮ ಕಡೆ ಲಾರಿ, ಕಾರು ನೋಡೋರು ಸುಲಭವಾಗಿ ಸಿಗ್ತಾರೆ, ಅವರು ಒಳ್ಳೆಯವರೇ ಇರಬಹುದು, ಆದರೆ ಫೈಬರ್ ಒಡಲಿನ ಒಳಗಿನ ಬಿರುಕು ಅವರ ಕಸುಬಲ್ಲ. ದೂರದಿಂದ ಕರೆಸೋ ಖರ್ಚನ್ನು ನಾಲ್ಕೈದು ದೋಣಿಯವರು ಅಥವಾ ಮೀನುಗಾರರ ಸಹಕಾರ ಸಂಘದವರು ಸೇರಿ ಹಂಚಿಕೊಂಡು ಒಂದೇ ದಿನ ಎಲ್ಲ ದೋಣಿ ತೋರಿಸಿದರೆ ಭಾರ ಆಗಲ್ಲ.

ಏನು ನೋಡ್ತಾರೆ

ದೋಣಿ ನೀರಿನಿಂದ ಮೇಲಿರಬೇಕು, ತಳ ತೊಳೆದು ಒಣಗಿರಬೇಕು. ಪಾಚಿ, ಕೆಸರು ಮೆತ್ತಿಕೊಂಡ ತಳವನ್ನು ತೋರಿಸಿದರೆ ಸರ್ವೇಯರ್ ‘ನೋಡಲು ಸಾಧ್ಯವಾಗಲಿಲ್ಲ’ ಅಂತ ಬರೆದುಬಿಡ್ತಾರೆ. ಮುಂದೆ ಜಗಳ ಆದಾಗ ಆ ಒಂದು ಸಾಲು ಮಾಲೀಕರ ವಿರುದ್ಧ ನಿಲ್ಲುತ್ತೆ.

ಫೈಬರ್ ದೋಣಿ ಆದರೆ ಸಣ್ಣ ಸುತ್ತಿಗೆಯಿಂದ ಒಡಲನ್ನು ಗೇಣು ಗೇಣಿಗೂ ತಟ್ಟುತ್ತಾರೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತೆ. ಪದರ ಬಿಟ್ಟುಕೊಂಡಲ್ಲಿ ಬೊದ್ದು ಸದ್ದು. ತೆಂಗಿನಕಾಯಿ ಬಡಿದು ನೋಡೋ ಅಜ್ಜಿಗೆ ಇದನ್ನು ಹೇಳಿಕೊಡೋದೇ ಬೇಡ. ಮೇಲಿನ ಬಣ್ಣದ ಪದರದಲ್ಲಿ ಕೂದಲೆಳೆ ಬಿರುಕು, ನೀರು ಒಳಗಿಳಿದು ಎದ್ದ ಗುಳ್ಳೆ, ಹಳೇ ತೇಪೆ ಹಾಕಿದ ಜಾಗ ಗುರುತು ಹಾಕ್ತಾರೆ. ಹೆಚ್ಚು ಹೊತ್ತು ನಿಲ್ಲೋದು ಹಿಂಬದಿಯ ಹಲಗೆ ಹತ್ತಿರ. ಎಂಜಿನ್ ತೂಕ, ನಡುಕ ಎಲ್ಲ ತಡೆಯೋದು ಅದೇ. ಹೊರಗಿನಿಂದ ಫೈಬರ್ ಹೊಳೀತಿದ್ದರೂ ಒಳಗಿನ ಮರ ಕೊಳೆತಿರಬಹುದು. ಮರದ ದೋಣಿ ಆದರೆ ಚೂಪಾದ ಮೊನೆಯಿಂದ ಚುಚ್ಚಿ ಮೆತ್ತಗಾದ ಜಾಗ ಹುಡುಕ್ತಾರೆ, ಮೊಳೆ ತುಕ್ಕು ನೋಡ್ತಾರೆ. ಕಬ್ಬಿಣದ ಒಡಲಿಗೆ ತಗಡಿನ ದಪ್ಪ ಅಳೆಯೋ ಯಂತ್ರ ಇದೆ.

ಎಂಜಿನ್ ಇದ್ದರೆ ಅದರ ಸೀರಿಯಲ್ ನಂಬರ್ ಬಿಲ್ಲಿಗೆ ಹೊಂದುತ್ತಾ ಅಂತ ಮೊದಲು ನೋಡ್ತಾರೆ. ಆಮೇಲೆ ಸ್ಟಾರ್ಟ್ ಮಾಡಿಸ್ತಾರೆ. ಪೆಟ್ರೋಲ್ ಪೈಪು, ಬ್ಯಾಟರಿ, ವೈರು, ನೀರು ಹೊರಹಾಕೋ ಪಂಪು, ಲೈಫ್ ಜಾಕೆಟ್ ಎಷ್ಟಿವೆ, ಹಾಕಿಕೊಳ್ಳೋ ಹಾಗಿವೆಯಾ ಅಥವಾ ಹರಿದು ಮೂಲೆ ಸೇರಿವೆಯಾ, ಇದೆಲ್ಲ ಬರೀತಾರೆ. ಒಂದು ಮಾತು ಇಲ್ಲೇ ಹೇಳಬೇಕು: ದೋಣಿಯ ಹಿಂಬದಿಗೆ ಸಿಕ್ಕಿಸೋ ಎಂಜಿನ್ ಕಳಚಿ ನೀರಿಗೆ ಬಿದ್ದರೆ ಪರಿಹಾರ ಇಲ್ಲ ಅನ್ನೋ ಷರತ್ತು ಇಂಥ ಪಾಲಿಸಿಗಳಲ್ಲಿ ಇರೋದುಂಟು. ಚೈನ್ ಹಾಕಿ ಬೀಗ ಹಾಕಿದ್ದರೇ ಕಳ್ಳತನಕ್ಕೆ ಪರಿಹಾರ ಅನ್ನೋದೂ ಇರುತ್ತೆ. ಎಂಜಿನ್ ಬೆಲೆ ಕೆಲವೊಮ್ಮೆ ದೋಣಿಗಿಂತ ಜಾಸ್ತಿ, ಹಾಗಾಗಿ ಆ ಸಾಲನ್ನು ಓದಿಸಿಕೊಂಡೇ ಸಹಿ ಹಾಕೋದು ಒಳ್ಳೆಯದು.

ಬೆಲೆ ಕಟ್ಟೋ ಲೆಕ್ಕ

ಕರಾವಳಿಯಲ್ಲಿ ಹಳೇ ದೋಣಿ ಮಾರೋರು, ಕೊಳ್ಳೋರು ಇರ್ತಾರೆ, ಮಾರುಕಟ್ಟೆ ದರ ಗೊತ್ತಾಗುತ್ತೆ. ನಮ್ಮ ಹಿನ್ನೀರಿನಲ್ಲಿ ಅಷ್ಟು ವ್ಯಾಪಾರ ಇಲ್ಲ. ಅದಕ್ಕೇ ಸರ್ವೇಯರ್ ಹೆಚ್ಚಾಗಿ ಇವತ್ತು ಅದೇ ಅಳತೆಯ ದೋಣಿ ಹೊಸದಾಗಿ ಕಟ್ಟಿಸಿದರೆ ಎಷ್ಟು ಅಂತ ಹಿಡಿದು, ವಯಸ್ಸು, ಸವೆತ ಕಳೆದು, ಎಂಜಿನ್ನಿಗೆ ಬೇರೆ ಲೆಕ್ಕ ಹಾಕಿ ಕೂಡಿಸ್ತಾರೆ. ಬಲೆ, ಐಸ್ ಪೆಟ್ಟಿಗೆಯಂಥವನ್ನು ಹೆಸರಿಸಿ ಬರೆಸದಿದ್ದರೆ ಅವು ದೋಣಿಯ ಜೊತೆ ಸೇರಿವೆ ಅಂತ ತಿಳೀಬಾರದು.

ಬಿಲ್ಲಿನ ವಿಷಯದಲ್ಲಿ ನಮ್ಮ ಕಡೆ ದೊಡ್ಡ ಸಡಿಲ. ದೋಣಿ ಕಟ್ಟಿದವರು ಬಿಲ್ ಕೊಟ್ಟಿರಲ್ಲ, ತಗೊಂಡವರು ಕೇಳಿರಲ್ಲ. ಉದ್ದ, ಅಗಲ, ಬಳಸಿದ ಸಾಮಾನು, ತಾರೀಖು, ಕೊಟ್ಟ ದುಡ್ಡು ಬರೆದು ಸಹಿ ಹಾಕಿದ ಒಂದು ಹಾಳೆ ಇದ್ದರೂ ಬೆಲೆಗೆ ಆಧಾರ ಸಿಗುತ್ತೆ. ರಿಪೇರಿ ಚೀಟಿಗಳನ್ನೂ ಇಟ್ಟುಕೊಳ್ಳಬೇಕು, ಅವು ದೋಣಿಯನ್ನು ಚೆನ್ನಾಗಿ ನೋಡಿಕೊಂಡ ಸಾಕ್ಷಿ.

ಇನ್ನೊಂದು ನಮ್ಮ ತಾಲ್ಲೂಕಿಗೇ ವಿಶೇಷವಾದ ತೊಡಕು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆ. ಒಬ್ಬರದೇ ಕಾಗದಗಳಲ್ಲಿ ಮೂರು ಜಿಲ್ಲೆಯ ಹೆಸರು ಇರೋದು ಇಲ್ಲಿ ಆಶ್ಚರ್ಯ ಅಲ್ಲ. ಊರಿನವರಿಗೆ ಇದು ತಮಾಷೆ, ದೂರದ ಊರಿನಲ್ಲಿ ಕೂತು ಕಾಗದ ನೋಡೋರಿಗೆ ಅನುಮಾನ. ಪರವಾನಗಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಪಾಲಿಸಿ ನಾಲ್ಕರಲ್ಲೂ ಹೆಸರು, ವಿಳಾಸ ಒಂದೇ ಥರ ಇರೋ ಹಾಗೆ ಮೊದಲೇ ಮಾಡಿಸಿಕೊಳ್ಳೋದು ಜಾಣತನ.

ಕಮ್ಮಿ ಬರೆಸಿದರೆ ಏನಾಗುತ್ತೆ?

ಪ್ರೀಮಿಯಂ ಉಳಿಯುತ್ತೆ ಅಂತ ಬೆಲೆ ಕಮ್ಮಿ ಬರೆಸೋರು ದೋಣಿಯವರಷ್ಟೇ ಅಲ್ಲ, ಅಂಗಡಿಯವರೂ ಇದ್ದಾರೆ. ಲೆಕ್ಕ ಹೀಗೆ. ದೋಣಿಯ ಬೆಲೆ 1,20,000 ರೂಪಾಯಿ ಅಂತ ಇಟ್ಟುಕೊಳ್ಳಿ. 60,000ಕ್ಕೆ ಮಾತ್ರ ವಿಮೆ. ಬಂಡೆಗೆ ಬಡಿದು 40,000 ರೂಪಾಯಿ ನಷ್ಟ ಆಯಿತು. ವಿಮೆ 60,000ಕ್ಕೆ ಇದೆಯಲ್ಲ, 40,000 ಪೂರ್ತಿ ಬರುತ್ತೆ ಅಂತ ಮಾಲೀಕರು ಕಾಯ್ತಾರೆ. ಬರೋದು 20,000. ಅರ್ಧ ಬೆಲೆಗೆ ವಿಮೆ ಮಾಡಿಸಿದ್ದರಿಂದ ಉಳಿದ ಅರ್ಧಕ್ಕೆ ಮಾಲೀಕರೇ ಹೊಣೆ ಅನ್ನೋದು ಕಾನೂನು. ಅದರಲ್ಲೂ ಪಾಲಿಸಿಯಲ್ಲಿ ಬರೆದ ಮೊದಲ ಕಡಿತ ಹೋಗುತ್ತೆ.

ಅಂಗಡಿ, ಗೋದಾಮಿನ ಮಾಲಿಗೂ ಇದೇ ಸೂತ್ರ. ಅವರಿಗೆ ಸ್ವಲ್ಪ ಸಡಿಲಿಕೆ ಇದೆ: 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ, ಒಂದು ಕಡೆಯ ಒಟ್ಟು ಆಸ್ತಿ 5 ಕೋಟಿ ರೂಪಾಯಿ ಒಳಗಿದ್ದರೆ, ಶೇ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯಲ್ಲ. ಹಬ್ಬದ ಮುಂಚೆ ಮಾಲು ತುಂಬಿಸಿ ಹಳೇ ಮೊತ್ತದ ಪಾಲಿಸಿಯಲ್ಲೇ ಇರೋ ಅಂಗಡಿಗಳು ಈ ಶೇ 15ನ್ನೂ ಎಂದೋ ದಾಟಿರಬಹುದು, ಒಮ್ಮೆ ನೋಡಿಕೊಳ್ಳಬೇಕು. ದೋಣಿಗೆ ಕೈಸಾಲ ಕೊಟ್ಟ ಅಂಗಡಿಯವರು ಗಮನಿಸಬೇಕಾದ್ದು ಇನ್ನೊಂದಿದೆ. ಬ್ಯಾಂಕ್ ಸಾಲ ಇದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತೆ, ಪರಿಹಾರದಲ್ಲಿ ಮೊದಲ ಪಾಲು ಅದಕ್ಕೆ. ಕೈಸಾಲ ಪಾಲಿಸಿಯಲ್ಲಿ ಎಲ್ಲೂ ಕಾಣಲ್ಲ.

ಜಾಸ್ತಿ ಬರೆಸಿದರೂ ಲಾಭ ಇಲ್ಲ. ವರ್ಷ ವರ್ಷ ಹೆಚ್ಚು ಪ್ರೀಮಿಯಂ ಕಟ್ಟಿ, ಕೊನೆಗೆ ಮೋಸದ ಅನುಮಾನ ತಲೆ ಮೇಲೆ ಎಳೆದುಕೊಂಡ ಹಾಗೆ. ಹಿಂದೆ ಒಮ್ಮೆ ಮುಳುಗಿ ಎತ್ತಿದ ದೋಣಿ ಆಗಿದ್ದರೆ ಅದನ್ನು ಮುಚ್ಚಿಡೋದೂ ಅಷ್ಟೇ ಕೆಟ್ಟದ್ದು. ಗೊತ್ತಿದ್ದೂ ಹೇಳಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಪಾಲಿಸಿ ರದ್ದಾಗಬಹುದು.

ಬಿದಿರಿನ ತೆಪ್ಪದವರ ಪಾಡು

ನಿಜ ಹೇಳಬೇಕಂದ್ರೆ ಇಲ್ಲಿನ ಬಹುಪಾಲು ಬಡ ಮೀನುಗಾರರ ಹತ್ತಿರ ಇರೋದು ಹರಿಗೋಲು. ಬಿದಿರು ಸೀಳಿ ಹೆಣೆದು, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಡಾಂಬರು ಬಳಿದದ್ದು. ಮೊದಲೆಲ್ಲ ಚರ್ಮ ಹೊದಿಸ್ತಿದ್ದರು, ಈಗ ಫೈಬರ್ ಹರಿಗೋಲುಗಳೂ ಬಂದಿವೆ. ಬಿದಿರಿನದಕ್ಕೆ ಸರ್ವೇಯರ್ ಕರೆಸಿ ವಿಮೆ ಮಾಡಿಸೋಕೆ ಹೋದರೆ ಸರ್ವೇ ಖರ್ಚೇ ತೆಪ್ಪದ ಬೆಲೆಯ ಹತ್ತಿರ ಬಂದುಬಿಡುತ್ತೆ. ಕಂಪನಿಗಳಿಗೂ ಆಸಕ್ತಿ ಇರಲ್ಲ. ಇಲ್ಲಿ ಬುದ್ಧಿವಂತಿಕೆ ಅಂದ್ರೆ ತೆಪ್ಪದ ವಿಮೆ ಬಿಟ್ಟು, ಹುಟ್ಟು ಹಾಕೋ ಮನುಷ್ಯನ ವಿಮೆ ಮಾಡಿಸೋದು. ತೆಪ್ಪ ಇನ್ನೊಂದು ಹೆಣೆಯಬಹುದು.

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000 ರೂಪಾಯಿ. ಪ್ರೀಮಿಯಂ ಪೂರ್ತಿ ಸರ್ಕಾರದ್ದು, ಮೀನುಗಾರರು ಒಂದು ಪೈಸೆ ಕೊಡಬೇಕಿಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಇರಬೇಕು. ಸಂಘದ ಸದಸ್ಯತ್ವ ಇದೆ ಅಂದ ಮಾತ್ರಕ್ಕೆ ಹೆಸರು ತಾನಾಗಿ ಸೇರಿರುತ್ತೆ ಅಂತ ನಂಬದೆ, ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ ಈ ವರ್ಷದ ಪಟ್ಟಿ ಕೇಳಿ ನೋಡಬೇಕು. ಇದರ ಜೊತೆಗೆ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತ ಆಗುವ ಸುರಕ್ಷಾ ಬಿಮಾ ಯೋಜನೆ ಇದ್ದರೆ ಅಪಘಾತದ ಸಾವಿಗೆ ಇನ್ನೂ 2 ಲಕ್ಷ. ಖಾತೆಯಲ್ಲಿ ಮೇ ಕೊನೆಗೆ 20 ರೂಪಾಯಿ ಇಲ್ಲದೆ ಅದು ನಿಂತುಹೋಗಿರಬಹುದು, ಪಾಸ್‌ಬುಕ್ ನೋಡಿದರೆ ಗೊತ್ತಾಗುತ್ತೆ.

ಅವಘಡ ಆದಾಗ

ಮೊದಲು ಜನ, ಆಮೇಲೆ ದೋಣಿ. ಜನ ಸುರಕ್ಷಿತ ಅಂದ ಮೇಲೆ ಅದೇ ದಿನ ಕಂಪನಿಗೆ ತಿಳಿಸಿ ದೂರು ಸಂಖ್ಯೆ ಬರೆದುಕೊಳ್ಳಬೇಕು. ಕಳ್ಳತನ, ಜೀವಹಾನಿ ಆಗಿದ್ದರೆ ಪೊಲೀಸರಿಗೂ. ‘ಸರ್ವೇಯರ್ ಬರೋವರೆಗೂ ಮುಟ್ಟಬೇಡಿ’ ಅನ್ನೋ ಮಾತನ್ನು ಕೆಲವರು ತಪ್ಪಾಗಿ ತಿಳಿದು ದೋಣಿ ಕೊಚ್ಚಿಹೋಗೋದನ್ನು ನೋಡ್ತಾ ನಿಂತಿರ್ತಾರೆ. ಹಾಗಲ್ಲ. ಇನ್ನಷ್ಟು ಹಾಳಾಗದ ಹಾಗೆ ಎಳೆದು ಕಟ್ಟೋದು, ಎಂಜಿನ್ ಬಿಚ್ಚಿ ಮೇಲಿಡೋದು ಮಾಲೀಕರ ಕರ್ತವ್ಯವೇ, ಅದಕ್ಕಾದ ನ್ಯಾಯವಾದ ಖರ್ಚು ಕೇಳೋಕೆ ಪಾಲಿಸಿಯಲ್ಲಿ ಅವಕಾಶ ಇದೆಯಾ ಅಂತ ನೋಡಬೇಕು. ಮಾಡಬಾರದ್ದು ರಿಪೇರಿ. ಮುರಿದ ಭಾಗ ಎಸೆಯೋದೂ ಬೇಡ. ಎಳೆಯೋಕೆ ಮುಂಚೆ, ಎಳೆದ ಮೇಲೆ ಎರಡೂ ಸಲ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಸಾಕು.

ಸರ್ವೇಯರ್ ಬರೆದಿದ್ದೇ ಕೊನೆಯಲ್ಲ. ವರದಿಯ ಪ್ರತಿ ಕೇಳಿ ಪಡೆಯಬಹುದು. ಸರ್ವೇ ವರದಿ ಮುಖ್ಯ ದಾಖಲೆ ಹೌದು, ಆದರೆ ಅದೇ ಅಂತಿಮ ಮಾತಲ್ಲ, ಪಕ್ಕಕ್ಕಿಡಲಾಗದ ಪವಿತ್ರ ಕಾಗದವೂ ಅಲ್ಲ ಅನ್ನೋ ಅರ್ಥದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ, ಒಂದು ಲಾರಿಯ ವಿಮೆ ಪ್ರಕರಣದಲ್ಲಿ ಹೇಳಿದೆ. ಮೊತ್ತ ಒಪ್ಪಿಗೆ ಆಗದಿದ್ದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು. ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ. ಅಲ್ಲಿ ಫೀಸಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ನೋಡ್ತಾರೆ, ವರ್ಷದೊಳಗೆ ಹೋಗಬೇಕು. ಆದರೆ ಇದು ವ್ಯಕ್ತಿಗಳು, ಸೂಕ್ಷ್ಮ ಉದ್ಯಮಗಳಿಗೆ. ಪ್ರಾಧಿಕಾರದ ಸಹಾಯವಾಣಿ 155255. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ, ಅದಕ್ಕೆ ಎರಡು ವರ್ಷದ ಗಡುವು.

ಸರ್ವೇ ಯಾವಾಗ ಮಾಡಿಸೋದು ಅಂದ್ರೆ ಏಪ್ರಿಲ್, ಮೇ. ಹಿನ್ನೀರು ಇಳಿದಿರುತ್ತೆ, ದೋಣಿ ಹೇಗೂ ದಡದಲ್ಲಿ ಮಗುಚಿಕೊಂಡು ಬಿದ್ದಿರುತ್ತೆ, ತಳ ಪೂರ್ತಿ ಕಾಣುತ್ತೆ. ಕಂಡ ಬಿರುಕು ಮುಚ್ಚಿಸೋಕೆ ಸಮಯ ಇರುತ್ತೆ, ಮುಚ್ಚಿಸಿದ ಮೇಲೆ ಸರ್ವೇಯರ್‌ಗೆ ಅದರ ಫೋಟೊ, ಬಿಲ್ ಕಳಿಸಿ ವರದಿಯಲ್ಲಿ ಸೇರಿಸಿಕೊಳ್ಳಬಹುದು. ಹಳೇ ಪಾಲಿಸಿ ಮುಗಿಯೋ ತಾರೀಖು ಮಳೆಗಾಲದ ನಡುವೆ ಬಂದರೆ ಅದಕ್ಕೂ ಮುಂಚೆಯೇ ನವೀಕರಿಸಿಕೊಳ್ಳಬೇಕು. ಒಂದು ದಿನ ತಪ್ಪಿದರೂ ಕಂಪನಿ ಮತ್ತೆ ಪರಿಶೀಲನೆ ಕೇಳಬಹುದು, ಆಗ ಹೊಳೆ ತುಂಬಿರುತ್ತೆ, ದೋಣಿ ನೀರಿನಲ್ಲಿರುತ್ತೆ.